ಅಣ್ಣನ ಕಾಲು ಕಂಡಿತು, ಟೈಲರಕ್ಕನ ಬೆರಳು ಕಾಣಲಿಲ್ಲ

ಸೂಜಿ ಚುಚ್ಚಿದ್ದು ಟೈಲರಕ್ಕನಿಗೆ ಗೊತ್ತೇ ಆಗಲಿಲ್ಲ. ಗಿರಾಕಿಯ ಬಿಳಿ ಅಂಗಿಯ ಕಾಲರಿನ ಮೇಲೆ ಕೆಂಪು ಚುಕ್ಕೆ ಕಂಡ ಮೇಲೆ ಬೆರಳು ನೋಡಿಕೊಂಡಳು. ಆಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಬಲಗೈಯ ಮೂರು ಬೆರಳು ಮರಗಟ್ಟಿ ವಾರವಾಗಿತ್ತು.

ಅದು ತಾನಾಗಿಯೇ ಹೋಯಿತು. ಆರು ತಿಂಗಳ ಮೇಲೆ ಎಡಗಣ್ಣು ಮಂಜಾಯಿತು. ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ನಿಂತರೆ ಇನ್ನಷ್ಟು ಮಸುಕು. ಆಮೇಲೊಮ್ಮೆ ಎದೆಯ ಸುತ್ತ ಯಾರೋ ಅಳತೆ ಟೇಪು ಸುತ್ತಿ ಬಿಗಿದಂತೆ. ಎದ್ದಾಗಲೇ ಇಡೀ ದಿನ ದುಡಿದಷ್ಟು ಸುಸ್ತು. ದರಿದ್ರ ಕಾಯಿಲೆ, ಡಾಕ್ಟರ ಸರದಿ ಸಿಗುವ ಹೊತ್ತಿಗೆ ಮಾಯವಾಗಿರುತ್ತಿತ್ತು.

ಒಬ್ಬರು ಟೆನ್ಷನ್ ಎಂದರು. ಇನ್ನೊಬ್ಬರು ರಕ್ತ ಕಡಿಮೆ ಎಂದು ಮಾತ್ರೆ ಬರೆದರು. ಮೂರನೆಯವರು ಮದುವೆಯಾಗಿದೆಯೇ ಎಂದು ಕೇಳಿದರು.

"ಕಣ್ಣು ಕಾಣಲ್ಲ ಅಂದ್ರೆ ಮದುವೆ ಆಗಿದ್ಯಾ ಅಂತಾರಲ್ಲಮ್ಮ!" ಎಂದು ಮನೆಗೆ ಬಂದು ಚೀಲ ಎಸೆದಳು.

"ಹೆಂಗಸಿನ ಮೈ ಅಂದ್ಮೇಲೆ ಒಂದಲ್ಲ ಒಂದು ಇದ್ದದ್ದೇ," ಎಂದಳು ತಾಯಿ. "ನಾನೇನು ಊರೆಲ್ಲ ಹೇಳ್ಕೊಂಡು ತಿರುಗಿದ್ನಾ?"

ಹೀಗೇ ಆರು ವರ್ಷ ಕಳೆಯಿತು. ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದ ಅವಳ ಅಣ್ಣನಿಗೆ ಆಗ ನಲವತ್ತೊಂದು. ಅವನ ಬಲಗಾಲು ಎಳೆಯತೊಡಗಿತು. ಅವನು ಚಪ್ಪಲಿಯನ್ನು ದೂರಿದ. ಹೊಸ ಚಪ್ಪಲಿ ಬಂದರೂ ಕಾಲು ಎಳೆಯುತ್ತಲೇ ಇತ್ತು. ಒಂದು ದಿನ ಏಣಿಯ ಮೂರನೇ ಮೆಟ್ಟಿಲಿಂದ ಡಬ್ಬಿ ಸಮೇತ ಬಿದ್ದ. ಆ ಮನೆಯವರೇ ಆಸ್ಪತ್ರೆಗೆ ಕರೆದೊಯ್ದರು. ವಾರದೊಳಗೆ ತಲೆಗೂ ಬೆನ್ನಿಗೂ ಸ್ಕ್ಯಾನಾಯಿತು.

"ಮಲ್ಟಿಪಲ್ ಸ್ಕ್ಲೆರೋಸಿಸ್," ಎಂದರು ಡಾಕ್ಟರಮ್ಮ. "ನರದ ಮೇಲಿನ ಹೊದಿಕೆಯನ್ನ ನಮ್ಮ ಮೈಯೇ ಕಿತ್ತುಹಾಕತ್ತೆ. ವೈರಿನ ಪ್ಲಾಸ್ಟಿಕ್ ಸುಲಿದ ಹಾಗೆ."

ಫೈಲು ಹಿಡಿದು ಕೂತಿದ್ದ ಟೈಲರಕ್ಕ ಕೇಳಿದಳು: "ಇದ್ರಲ್ಲಿ ಬೆರಳು ಮರಗಟ್ಟತ್ತಾ? ಕಣ್ಣು ಮಂಜಾಗತ್ತಾ?"

"ಆಗಬಹುದು. ಯಾರಿಗಾಯ್ತು?"

"ನಂಗೆ. ಆರು ವರ್ಷದಿಂದ."

ಅವಳಿಗೂ ಸ್ಕ್ಯಾನ್ ಮಾಡಿಸಿದರು. ಮೆದುಳಿನಲ್ಲಿ ಹಳೆಯ ಕಲೆಗಳಿದ್ದವು. ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು: ಇದು ಹೆಂಗಸರಲ್ಲೇ ಹೆಚ್ಚು, ಅದೂ ಹೆಚ್ಚಾಗಿ ಬಂದು ಹೋಗುವ ಬಗೆ. ಗಂಡಸರಿಗೆ ಬರುವುದು ಕಡಿಮೆ. ಬಂದರೆ ಸಾಮಾನ್ಯವಾಗಿ ತುಸು ತಡವಾಗಿ, ಆದರೆ ನಡಿಗೆಯನ್ನು ಬೇಗ ಕೆಡಿಸುತ್ತದೆ. ಎಲ್ಲರಿಗೂ ಹೀಗೇ ಎಂದೇನಿಲ್ಲ.

"ಹೆಂಗಸರಿಗೇ ಜಾಸ್ತಿ ಬರೋ ಕಾಯಿಲೆ, ಹೆಂಗಸು ಹೇಳಿದ್ರೆ ಮಾತ್ರ ಯಾರ ಕಿವಿಗೂ ಬೀಳಲ್ಲ. ಅಲ್ವಾ ಮೇಡಂ?"

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

"ಅಣ್ಣಂದು ನಿಂಗೂ ಅಂಟ್ಕೊಂಡ್ತಾ?" ಎಂದು ಪಕ್ಕದ ಮನೆಯವಳು ಕೇಳಿದಾಗ ಟೈಲರಕ್ಕ ಕತ್ತರಿ ಕೆಳಗಿಟ್ಟಳು. "ಇದು ಅಂಟೋ ರೋಗ ಅಲ್ಲ. ಅಂಟೋದೇ ಆಗಿದ್ರೆ ನಂದು ಅವನಿಗೆ ಅಂಟ್ಬೇಕಿತ್ತು. ಇದ್ರಲ್ಲಿ ನಾನೇ ಸೀನಿಯರ್."

ಔಷಧಿ ಶುರುವಾದ ಮೇಲೆ ಅವಳಿಗೆ ಕಾಯಿಲೆಯ ಕಾಟ ಕಡಿಮೆಯಾಯಿತು. ಅಣ್ಣನ ಕಾಲು ಮಾತ್ರ ಸುಧಾರಿಸಲಿಲ್ಲ.

"ನಿಂದು ನೆಂಟರ ಹಾಗೆ ಬಂದು ಹೋಗತ್ತೆ, ನಂದು ಯಾಕೆ ಝಂಡಾ ಊರಿದೆ?" ಎಂದು ಗೊಣಗುತ್ತಿದ್ದ. ಊರುಗೋಲು ಕೊಟ್ಟರೆ, "ನಾನೇನು ಮುದುಕನಾ?" ಎಂದು ಬಾಗಿಲ ಹಿಂದೆ ಇಟ್ಟುಬಿಟ್ಟ. ತಾಯಿ ಅವನಿಗೆ ಕೂತಲ್ಲೇ ತಟ್ಟೆ ಕೊಡುತ್ತಿದ್ದಳು. ಟೈಲರಕ್ಕ ಸುಸ್ತೆಂದು ಗೋಡೆಗೊರಗಿದರೆ, "ನೀನು ನೆಟ್ಟಗೆ ಓಡಾಡ್ತೀಯಲ್ಲ, ಬಟ್ಟೆ ಹಿಂಡು" ಎನ್ನುತ್ತಿದ್ದಳು.

ಒಂದು ಸಲ ಅಣ್ಣನೇ ರೇಗಿದ. "ಅಮ್ಮಾ, ಅವಳಿಗೂ ಇದೇ ಕಾಯಿಲೆ! ನಂದು ಕಣ್ಣಿಗೆ ಕಾಣತ್ತೆ, ಅವಳದ್ದು ಕಾಣಲ್ಲ, ಅಷ್ಟೇ." ಎದ್ದವನೇ ಗೋಡೆ ಹಿಡಿದುಕೊಂಡು ಹೋಗಿ ಬಟ್ಟೆ ಹಿಂಡಿದ. ಅರ್ಧ ನೀರು ಉಳಿಸಿಯೇ ಹಿಂಡಿದ. ಟೈಲರಕ್ಕ ಬೈಯಲಿಲ್ಲ.

ಈಗ ಅವನು ಊರುಗೋಲು ಹಿಡಿದೇ ಬಣ್ಣದ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಕುಳಿತು ಬಣ್ಣ ಬೆರೆಸಿ ಕೊಡುವ ಕೆಲಸ. ಅವಳು ಬಿಸಿಲೇರುವ ಮುಂಚೆ ಹೊಲಿಗೆ ಮುಗಿಸುತ್ತಾಳೆ. ಆಸ್ಪತ್ರೆಗೆ ಇಬ್ಬರೂ ಒಂದೇ ದಿನ ಹೋಗುತ್ತಾರೆ.

"ಹೇಗಿದೀರಿ?" ಎಂದು ಡಾಕ್ಟರಮ್ಮ ಕೇಳಿದರೆ, "ಪರವಾಗಿಲ್ಲ" ಎನ್ನುತ್ತಾನೆ ಅಣ್ಣ.

"ಸುಳ್ಳು ಮೇಡಂ! ಮೊನ್ನೆ ಬಚ್ಚಲಲ್ಲಿ ಬಿದ್ದ. ಬರ್ಕೊಳ್ಳಿ."

"ಇವಳು ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಅದನ್ನೂ ಬರ್ಕೊಳ್ಳಿ," ಎನ್ನುತ್ತಾನೆ ಅವನು.

ಡಾಕ್ಟರಮ್ಮ ಎರಡನ್ನೂ ಬರೆದುಕೊಳ್ಳುತ್ತಾರೆ.