ಮಗಳು ಕಾಶಿಯಲ್ಲಿ ಬಿಟ್ಟ ಕಡ್ಲೆಕಾಯಿ

ಗೆಳೆಯರೇ, ಇವತ್ತೊಂದು ಸುಳ್ಳು ಹೇಳಿ ನೇರ ಶಿಡ್ಲಘಟ್ಟದ ಸೈಬರ್ ಕೆಫೆಗೆ ಬಂದು ಕೂತಿದ್ದೇನೆ. ಪಶ್ಚಾತ್ತಾಪವೇನೂ ಇಲ್ಲ.

ಮಧ್ಯಾಹ್ನ ಮೇಲೂರಿನ ಸೋದರತ್ತೆಯ ಮನೆಯಲ್ಲಿ ಊಟ. ನನ್ನ ಐದು ವರ್ಷದ ಮಗಳಿಗೆ ಕಡ್ಲೆಕಾಯಿ ಆಗುವುದಿಲ್ಲ. ಹೋದ ವರ್ಷ ಒಂದು ಚಮಚ ಚಟ್ನಿಗೇ ಗಂಟಲು ಊದಿ, ಉಸಿರು ಕಟ್ಟಿ, ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದೆವು. ಅತ್ತೆಗೆ ಇದೆಲ್ಲ ಗೊತ್ತು. ಆದರೂ ಚಿತ್ರಾನ್ನದಿಂದ ಬೀಜಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಅದೇ ಅನ್ನವನ್ನು ತುತ್ತು ಮಾಡಿ ಅವಳ ಬಾಯಿಯ ಹತ್ತಿರ ತಂದರು.

"ಬೀಜ ಎಲ್ಲಾ ತೆಗ್ದಿದೀನಿ. ಏಮೀ ಕಾದು, ಏನೂ ಆಗಲ್ಲ, ತಿನ್ನಮ್ಮ."

"ಅತ್ತೆ, ಅದ್ರ ಎಣ್ಣೆ ತಾಕಿದ್ರೂ ಆಗಲ್ಲ. ಡಾಕ್ಟ್ರು ಬರ್ದುಕೊಟ್ಟಿದಾರೆ."

"ಡಾಕ್ಟ್ರಿಗೇನ್ ಗೊತ್ತು? ನಾವೆಲ್ಲ ಕಡ್ಲೆಕಾಯಿ ತಿಂದೇ ಬೆಳ್ದಿಲ್ವೇನೇ?"

ನಾನು ಅವರ ಕೈ ಹಿಡಿದು, "ಅವ್ಳು ಕಡ್ಲೆಕಾಯೀನ ಕಾಶೀಲಿ ಬಿಟ್ಟಿದಾಳೆ ಅತ್ತೆ" ಅಂದುಬಿಟ್ಟೆ.

ತುತ್ತು ಅಲ್ಲೇ ನಿಂತಿತು. ಅತ್ತೆ ಕಾಶಿಯಲ್ಲಿ ಸೀಬೆಹಣ್ಣು ಬಿಟ್ಟು ಬಂದವರು. ಅಂದಿನಿಂದ ಅದರ ಕಡೆ ತಿರುಗಿಯೂ ನೋಡಿಲ್ಲ.

"ಮೊದ್ಲೇ ಹೇಳ್ಬಾರ್ದಾ? ಪಾಪ ನಂಗೆ ಸುತ್ಕೊಳ್ತಿತ್ತು!"

ಕೈ ತೊಳೆದರು. ಬೇರೆ ಪಾತ್ರೆ, ಬೇರೆ ಸೌಟು ಹುಡುಕಿ, ತುಪ್ಪದ ಒಗ್ಗರಣೆಯಲ್ಲಿ ಹೊಸದಾಗಿ ಅನ್ನ ಕಲಸಿದರು. ಡಾಕ್ಟರು ಕೂಡ ಇಷ್ಟು ಕಟ್ಟುನಿಟ್ಟು ಹೇಳಿರಲಿಲ್ಲ.

ಹೊರಡುವಾಗ ಮಾತ್ರ ಕೇಳಿದರು: "ಕಾಶಿಗೆ ಹೋಗ್ಬಂದ್ರಿ, ನಂಗೆ ಗಂಗಾಜಲ ಎಲ್ಲೇ?"

ನಾವು ಗೌರಿಬಿದನೂರು ದಾಟಿ ಉತ್ತರಕ್ಕೆ ಹೋದವರೇ ಅಲ್ಲ. ನಿಮ್ಮಲ್ಲಿ ಯಾರ ದೇವರ ಮನೆಯಲ್ಲಾದರೂ ಬೆಸುಗೆ ಒಡೆಯದ ಗಂಗಾಜಲದ ಗಿಂಡಿ ಇದ್ದರೆ ದಯವಿಟ್ಟು ಕೊಡಿ. ಮಗುವಿನ ಪ್ರಾಣದ ಪ್ರಶ್ನೆ.