ಮೊದಲನೇ ಪುಟ ಕಳೆದುಕೊಳ್ಳಬಾರದು

ಹಳೆಯ ರಿಪೋರ್ಟುಗಳ ಫೈಲು ತೆಗೆದಾಗ ಒಂದು ಬಸ್ ಟಿಕೆಟ್ ಕೆಳಗೆ ಬಿತ್ತು. ಗುಬ್ಬಿಯಿಂದ ತುಮಕೂರಿಗೆ ಬಂದಾಗಿನದು, ನನಗೆ ನೆನಪಿದೆ. ಅಚ್ಚೆಲ್ಲ ಅಳಿಸಿಹೋಗಿದೆ. ಹಿಂಬದಿಯಲ್ಲಿ ಬಾಲ್‌ಪೆನ್ನಿನ ಬರಹ ಮಾತ್ರ ಹಾಗೇ ಇದೆ: "ಚಿಕಿತ್ಸೆ, ಎರಡನೇ ಸಾಲು. ಮುಂದೆ ಇನ್ನೂ ಇದೆ." ಸೈಬರ್ ಸೆಂಟರ್ ನಡೆಸುತ್ತಿದ್ದ ಭಾಯ್ ಅವರ ಅಕ್ಷರ.

ಆಗ ಇಂಟರ್‌ನೆಟ್ ಬೇಕೆಂದರೆ ಸೈಬರ್ ಸೆಂಟರಿಗೇ ಹೋಗಬೇಕಿತ್ತು. ನಾನು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದೆ. ಕತ್ತಿನಲ್ಲಿ ಗಂಟು ಕಾಣಿಸಿತ್ತು. ಡಾಕ್ಟರು ಚೀಟಿಯಲ್ಲಿ ಉದ್ದನೆಯ ಇಂಗ್ಲಿಷ್ ಪದ ಬರೆದು, ಸೂಜಿ ಹಾಕಿ ಪರೀಕ್ಷೆ ಮಾಡಿಸಬೇಕು ಎಂದಿದ್ದರು. ಹಾಗೆಂದರೇನು ಎಂದು ಕೇಳಲು ಬಾಯಿ ಬರಲಿಲ್ಲ. ಮನೆಯಲ್ಲೂ ಹೇಳಲಿಲ್ಲ.

ತುಮಕೂರಿನ ಸೈಬರ್ ಸೆಂಟರಿನಲ್ಲಿ ಕೂತು ಆ ಪದ ಟೈಪ್ ಮಾಡಿದೆ. ಮುಗಿಯದಷ್ಟು ಉದ್ದದ ಪುಟ, ನಡುನಡುವೆ ನೀಲಿ ಲಿಂಕುಗಳು. ಗೊತ್ತಾಗದ ಪದದ ಮೇಲೆ ಒತ್ತಿದೆ. ಓದುತ್ತಿದ್ದ ಪುಟ ಹೋಗಿ ಇನ್ನೊಂದು ಬಂತು. ಅಲ್ಲಿಂದ ಮತ್ತೊಂದು... ಕೊನೆಗೆ ಕತ್ತು ಕೊಯ್ದು ಹೊಲಿಗೆ ಹಾಕಿದ ಯಾರದೋ ಫೋಟೋ, ಕೆಳಗೆ ಕ್ಯಾನ್ಸರ್ ಎಂಬ ಪದ. ಎಲ್ಲಿಂದ ಹೊರಟಿದ್ದೆ ಎಂಬುದೇ ತಿಳಿಯಲಿಲ್ಲ. ಮೌಸ್ ಹಿಡಿದ ಕೈ ಬೆವರಿತ್ತು.

ಭಾಯ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಏನೂ ಕೇಳದೆ ಒಂದೊಂದೇ ಪುಟ ಹಿಂದಕ್ಕೆ ಕರೆದುಕೊಂಡು ಹೋದರು.

"ಉದ್ದದ್ದು ಓದುವಾಗ ಮೊದಲನೇ ಪುಟ ಕಳ್ಕೋಬಾರ್ದಮ್ಮ. ಲಿಂಕು ಬೇರೆ ವಿಂಡೋದಲ್ಲಿ ತೆಗಿ. ನೋಡು, ಮುಚ್ಚು, ಇಲ್ಲಿಗೇ ಬಾ. ಆ ಪುಟ ಮಾಡ್ದೋರೇ ಲಿಂಕು ಹಾಗೆ ತೆರ್ಕೊಳ್ಳೋ ಥರ ಮಾಡ್ಬೇಕಿತ್ತು."

ಆಚೆ ಕೂತಿದ್ದ ಕಾಲೇಜು ಹುಡುಗ ನಕ್ಕ. "ಹತ್ತು ವಿಂಡೋ ತೆಗ್ಸಿ ಸಿಸ್ಟಮ್ ಹ್ಯಾಂಗ್ ಮಾಡ್ಸಿ ಭಾಯ್. ಬ್ಯಾಕ್ ಬಟನ್ ಯಾತಕ್ಕಿದೆ?"

"ನೀನು ಕ್ರಿಕೆಟ್ ಸ್ಕೋರ್ ನೋಡೋನು ಕಣೋ. ಹೆದರ್ಕೊಂಡು ಓದೋರಿಗೆ ಬ್ಯಾಕ್ ಬಟನ್ ಎಲ್ಲಿ ಕಾಣುತ್ತೆ?"

ಮೊದಲನೇ ಪುಟದ ಮೇಲುಗಡೆಯೇ ಒಂದು ಸಾಲಿತ್ತು. ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂದು. ನಾನು ಅದನ್ನು ದಾಟಿ ಹೋಗಿಬಿಟ್ಟಿದ್ದೆ. ಭಾಯ್ ಅದನ್ನು ಎರಡು ಸಲ ಓದಿ ಹೇಳಿದರು. ಮುಂದೆ ಚಿಕಿತ್ಸೆಯ ಭಾಗದ ಎರಡನೇ ಸಾಲಿಗೆ ಬರುವಷ್ಟರಲ್ಲಿ ಕರೆಂಟ್ ಹೋಯಿತು.

ಅರ್ಧ ಓದಿ ಎದ್ದವರಿಗೆ ಎಲ್ಲಿ ನಿಲ್ಲಿಸಿದರು ಎಂದು ಚೀಟಿ ಬರೆದುಕೊಡುವುದು ಅವರ ಪದ್ಧತಿ. ಅವತ್ತು ನನ್ನ ಟಿಕೆಟ್ ಮೇಲೆಯೇ ಬರೆದರು. "ಪರೀಕ್ಷೆ ಆದ್ಮೇಲೆ ಏನಂತ ಬಂದು ಹೇಳಮ್ಮ," ಎಂದರು.

ಕ್ಯಾನ್ಸರ್ ಇರಲಿಲ್ಲ. ಆದರೂ ನಾನು ಹೋಗಿ ಹೇಳಲಿಲ್ಲ. ಆ ಕುರ್ಚಿ, ಆ ಫೋಟೋ ನೆನೆದು ಆ ರಸ್ತೆ ಬಿಟ್ಟು ಬೇರೆ ದಾರಿಯಲ್ಲಿ ಹೋಗುತ್ತಿದ್ದೆ. ನಾಳೆ, ನಾಡಿದ್ದು ಎನ್ನುತ್ತಲೇ ವರ್ಷಗಳು ಕಳೆದವು... ಕೊನೆಗೆ ಹೋದಾಗ ಅಲ್ಲಿ ಮೊಬೈಲ್ ಅಂಗಡಿ ಇತ್ತು. "ಭಾಯ್ ತೀರ್ಕೊಂಡ್ರಲ್ಲಕ್ಕ, ಎರಡು ವರ್ಷ ಆಯ್ತು," ಎಂದ ಅಂಗಡಿಯವನು. ನನ್ನ ಗಂಟು ಏನಾಯಿತೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ಈಗ ಕತ್ತಿನ ಇನ್ನೊಂದು ಬದಿಗೆ ಗಂಟು ಬಂದಿದೆ. ಫೈಲು ತೆಗೆದದ್ದು ಅದಕ್ಕೇ. ಫೋನಿನಲ್ಲಿ ಓದುತ್ತಿದ್ದೇನೆ. ಲಿಂಕಿನ ಮೇಲೆ ಬೆರಳು ಒತ್ತಿ ಹಿಡಿದು ಹೊಸ ಟ್ಯಾಬಿನಲ್ಲೇ ತೆಗೆಯುತ್ತೇನೆ. ಮೊದಲನೇ ಪುಟ ಹಿಂದೆ ಹಾಗೇ ಇರುತ್ತದೆ. ಆದರೂ ಕೈ ಬೆವರುತ್ತದೆ. ಪಕ್ಕದಲ್ಲಿ ಕುರ್ಚಿ ಎಳೆದುಕೊಳ್ಳುವವರಿಲ್ಲ.

ಇವತ್ತು ಅರ್ಧಕ್ಕೇ ನಿಲ್ಲಿಸಿದೆ. ಎಲ್ಲಿ ನಿಲ್ಲಿಸಿದೆ ಎಂದು ಆ ಟಿಕೆಟ್ ಮೇಲೆ, ಅವರ ಅಕ್ಷರದ ಕೆಳಗೆ ಬರೆದೆ. "ಮುಂದೆ ಇನ್ನೂ ಇದೆ" ಎಂದು ಬರೆಯಲು ಮಾತ್ರ ಕೈ ಬರಲಿಲ್ಲ. ಅವರು ಬರೆದದ್ದನ್ನೇ ಇನ್ನೊಮ್ಮೆ ಓದಿದೆ.