ಇಪ್ಪತ್ನಾಲ್ಕು ಗಂಟೆ ತೆರೆದ ಬಾಗಿಲು

ನನ್ನ ಸರ್ವರ್ ಒಂದು ದಿನವೂ ನಿಂತಿರಲಿಲ್ಲ. ಇದನ್ನು ಈಗಲೂ ಎದೆಯುಬ್ಬಿಸಿಯೇ ಹೇಳುತ್ತೇನೆ. ಆ ಕಾಲದಲ್ಲಿ ಹೊಸೂರಿನಲ್ಲಿ ಕರೆಂಟು ಹೋಗುತ್ತಿದ್ದ ಪರಿ ಕಂಡವರಿಗೇ ಅದರ ಬೆಲೆ ಗೊತ್ತು. ನಾನು ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಕೆಲಸದವನು. ಮೆಷಿನ್ ನಿಂತರೆ ಮಾನ ಹೋದ ಹಾಗೆ ಎಂದು ಕಲಿತವನು. ಯುಪಿಎಸ್‌ಗೆ ಲಾರಿ ಬ್ಯಾಟರಿ ಕಟ್ಟಿ, ಮನೆಯ ಹಿಂದಿನ ಕೋಣೆಯಲ್ಲಿ ಆ ಕಂಪ್ಯೂಟರನ್ನು ಹಗಲೂ ರಾತ್ರಿ ಓಡಿಸುತ್ತಿದ್ದೆ.

ಅದು ಇಂಟರ್ನೆಟ್ಟಿನಲ್ಲಿ ಹತ್ತಾರು ಜನ ಸೇರಿ ಆಡುವ ಕತ್ತಿ-ಗುರಾಣಿಯ ಆಟ. ಕಂಪನಿಯವರ ಸರ್ವರ್ ಎಲ್ಲೋ ಹೊರದೇಶದಲ್ಲಿತ್ತು. ನನ್ನಂಥ ಆಟದ ಹುಚ್ಚರು ಮನೆಯಲ್ಲೇ ಸ್ವಂತದ್ದೊಂದು ಇಟ್ಟುಕೊಳ್ಳುತ್ತಿದ್ದರು. ನನ್ನದರಲ್ಲಿ ಬೇರೆ ಯಾರಲ್ಲೂ ಇಲ್ಲದ್ದೊಂದಿತ್ತು. ಅವರ ಕೋಟೆ-ಕೊತ್ತಲ ಕಿತ್ತುಹಾಕಿ ನಮ್ಮ ಪಕ್ಕದ ಕೆಲಮಂಗಲದ ಸಂತೆ ಕಟ್ಟಿದ್ದೆ. ಸಂತೆ ದಾಟಿದರೆ ನಮ್ಮ ಕಡೆಯದೇ ಸಾನಮಾವು ಕಾಡು. ಕಾಡಿನಲ್ಲಿ ರಾಕ್ಷಸರ ಬದಲು ಆನೆಗಳು. ಒಂದು ಆನೆಯ ದಂತ ಸರಿಬರಲು ಎರಡು ತಿಂಗಳು ಹಿಡಿದಿತ್ತು.

ಆದರೆ ನೋಡುವವರು ಬೇಕಲ್ಲ! ಹೆಸರು ಬರೆಸಿದವರು ಇಪ್ಪತ್ತು ಮೂವತ್ತು ಜನ, ಎಲ್ಲ ಕಾರ್ಖಾನೆಯವರೇ. ಬರುತ್ತಿದ್ದರು, ಸ್ವಲ್ಪ ಹೊತ್ತು ಇದ್ದು ಹೊರಟುಬಿಡುತ್ತಿದ್ದರು. ಯಾರು ಎಷ್ಟು ಗಂಟೆಗೆ ಬಂದರು, ಹೋದರು ಅನ್ನುವುದಷ್ಟೇ ನನಗೆ ಕಾಣುತ್ತಿತ್ತು. ಬಂದವರಿಗೆಲ್ಲ ಪುಕ್ಕಟೆ ಕುದುರೆ ಕೊಟ್ಟೆ, ಕತ್ತಿ ಕೊಟ್ಟೆ, ಬ್ರೌಸಿಂಗ್ ಸೆಂಟರುಗಳ ಗೋಡೆಗೆ ಚೀಟಿ ಅಂಟಿಸಿದೆ. ಎಲ್ಲ ನೀರಲ್ಲಿ ಹೋಮ. ಆ ಕಾಡಿನೊಳಗೆ ಒಬ್ಬನಾದರೂ ಹೋಗಿ ನನ್ನ ಆನೆ ನೋಡಲಿ, ಅಷ್ಟೇ ನನ್ನ ಆಸೆ. ದೀಪಾವಳಿವರೆಗೆ ನೋಡಿ ಮುಚ್ಚಿಬಿಡೋಣ ಅಂದುಕೊಂಡೆ. ಹಾಗೆ ಅಂದುಕೊಂಡ ದಿನ ಊಟ ಸೇರಲಿಲ್ಲ.

ಮನೆಯ ಮುಂಭಾಗದಲ್ಲಿ ಅಮ್ಮ ಮೆಸ್ ನಡೆಸುತ್ತಿದ್ದಳು. ಮಧ್ಯಾಹ್ನ ಎರಡು ಗಂಟೆ ಹೊತ್ತು ಮಾತ್ರ ಬಾಗಿಲು ತೆಗೆಯುವುದು. ತೆಗೆಯುವ ಮುಂಚೆ ದಿನಾ ನನ್ನ ಸೋದರಮಾವನನ್ನು ಮೊದಲ ಬೆಂಚಿನಲ್ಲಿ ಎಲೆ ಹಾಕಿ ಕೂರಿಸುವುದು ಅವಳ ಪದ್ಧತಿ. ಅವತ್ತು ಹುರುಳಿಕಾಯಿ ನಾರು ತೆಗೆಯುತ್ತಾ ನನ್ನ ಸಪ್ಪೆ ಮುಖ ನೋಡಿ ಏನೆಂದು ಕೇಳಿದಳು. ಹೇಳಿದೆ.

"ಇವ್ರೆಲ್ಲ ಒಂದೇ ಹೊತ್ಗೆ ಬರಲ್ವೇನ್ಲಾ?"

"ಹೆಂಗ್ ಬತ್ತಾರಮ್ಮ? ಒಬ್ಬ ಫಸ್ಟ್ ಶಿಫ್ಟು ಮುಗ್ಸಿ ಮೂರು ಗಂಟೆಗೆ ಬತ್ತಾನೆ. ಸೂಳಗಿರಿಯೋನೊಬ್ಬ ನೈಟು ಮುಗ್ಸಿ ಬೆಳಗ್ಗೆ ಒಂಬತ್ತಕ್ಕೆ. ಅದ್ಕೇ ಇಪ್ಪತ್ನಾಲ್ಕು ಗಂಟೆನೂ ತೆಗ್ದಿಟ್ಟಿದ್ದೀನಿ."

"ಅದೇ ಕಣ್ಲಾ ನೀನ್ ಮಾಡಿರೋ ತಪ್ಪು. ನಾನು ದಿನವೆಲ್ಲ ಮೆಸ್ಸು ತೆಗ್ದಿಟ್ರೆ ಹೊತ್ತಿಗೊಬ್ಬ ಬಂದು, ಖಾಲಿ ಬೆಂಚು ನೋಡಿ, ಸಾರು ಹಳಸೈತೆ ಅಂದ್ಕೊಂಡು ಹೋಗ್ಬುಡ್ತಾನೆ. ಜನಾನ ನೋಡಿ ಜನ ಬರೋದು."

ನನಗೆ ಮೈಯೆಲ್ಲ ಉರಿಯಿತು. ಸಾರು ಕುದಿಸುವವಳಿಗೆ ಸರ್ವರ್ ಬಗ್ಗೆ ಏನು ಗೊತ್ತು ಎಂದು ಮೂರು ದಿನ ಮುಖ ಗಂಟಿಕ್ಕಿಕೊಂಡೇ ಇದ್ದೆ. ನಾಲ್ಕನೇ ದಿನ ಆಟದ ಬಾಗಿಲಲ್ಲಿ ಬರೆದು ಹಾಕಿದೆ: ಇನ್ನು ಮೇಲೆ ಭಾನುವಾರ ನಾಲ್ಕರಿಂದ ಆರು ಗಂಟೆ ಮಾತ್ರ. ಎಲ್ಲ ಶಿಫ್ಟಿನವರೂ ಓದಲಿ ಎಂದು ಒಂದು ದಿನ ಬಿಟ್ಟು, ನನ್ನ ಕೈಯಾರೆ ಸ್ವಿಚ್ ಆರಿಸಿದೆ. ಫ್ಯಾನಿನ ಸದ್ದಿಲ್ಲದ ಆ ಕೋಣೆಯಲ್ಲಿ ನಿಲ್ಲಲಾಗದೆ ಹೊರಗೆ ಬಂದೆ.

ಭಾನುವಾರ ನಾಲ್ಕಾಯಿತು. ಯಾರೂ ಇಲ್ಲ. ನಾಲ್ಕೂ ಹತ್ತು, ಸಂತೆ ಬಣಬಣ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಹಿಂದೆ ನಿಂತಳು.

"ಮೊದಲ್ನೇ ಎಲೆ ನಮ್ಮೋರ್ದೇ ಇರ್ಬೇಕು ಕಣ್ಲಾ. ನನ್ನೂ ಒಂದು ಬೊಂಬೆ ಮಾಡಿ ನಿಲ್ಸು."

ನಿಲ್ಲಿಸಿದೆ. ಕೆಂಪು ಸೀರೆಗೆ ಹತ್ತಿರದ ಬಟ್ಟೆ ತೊಡಿಸಿ, ಕೀಲಿ ಒತ್ತಿ ನಡೆಯುವುದನ್ನು ತೋರಿಸಿಕೊಟ್ಟೆ. ಜನ್ಮದಲ್ಲಿ ಕಂಪ್ಯೂಟರ್ ಮುಟ್ಟದವಳು ಸಂತೆಯೊಳಗೆ ಅಂಗಡಿ ಅಂಗಡಿ ಇಣುಕಿ, ಬದನೆಕಾಯಿಗೆ ಬಣ್ಣ ಸಾಲದು ಎಂದು ನನ್ನನ್ನೇ ಬೈದು, ನೆಟ್ಟಗೆ ಕಾಡಿನ ದಾರಿ ಹಿಡಿದಳು. ಅಷ್ಟರಲ್ಲಿ ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ತೆಲುಗು ಮಾತೊಂದು ಮೂಡಿತು.

"ಅಕ್ಕಾ, ಅಟು ಪೋವದ್ದು. ಏನುಗು ಉಂದಿ."

ಆ ಕಡೆ ಹೋಗಬೇಡಿ, ಆನೆ ಇದೆ. ಪಕ್ಕದಲ್ಲಿದ್ದ ಹೆಸರು ನೋಡಿದರೆ ಸೂಳಗಿರಿಯವನು! ಆನೆ ಇರುವುದು ನಿನಗೆ ಹೇಗೆ ಗೊತ್ತು ಎಂದು ಟೈಪ್ ಮಾಡಿದೆ. ದಿನಾ ಕಾಡಿನ ಅಂಚಿಗೆ ಹೋಗುತ್ತೇನೆ, ದೂರದಿಂದ ಆನೆ ನೋಡುತ್ತೇನೆ, ಒಬ್ಬನೇ ಒಳಗೆ ಹೋಗಲು ಧೈರ್ಯ ಬರದೆ ವಾಪಸ್ ಬರುತ್ತೇನೆ ಅಂದ.

ಓದಿ ಹೇಳಿದರೆ ಅಮ್ಮ ನಕ್ಕುಬಿಟ್ಟಳು. "ಮತ್ತೆ? ಸಾನಮಾವು ಕಾಡಿಗೆ ಒಬ್ಬೊಬ್ರೇ ಯಾರ್ಲಾ ಹೋಗ್ತಾರೆ? ಇನ್ನ ನಾಕ್ ಜನ ಬರ್ಲಿ, ತಾಳು ಅಂತ ಬರಿ."

ಬರೆದೆ. ಅವರಿಬ್ಬರೂ ಸಂತೆಯ ಬಾಗಿಲಲ್ಲಿ ನಿಂತರು. ಇಬ್ಬರು ನಿಂತಿದ್ದನ್ನು ಕಂಡು ಮೂರನೆಯವನು ನಿಂತ, ಮೂವರನ್ನು ಕಂಡು ನಾಲ್ಕನೆಯವನು. ಐದೂವರೆಗೆ ಹನ್ನೊಂದು ಜನ ನನ್ನ ಕಾಡಿನೊಳಗೆ ಹೊರಟರು, ಎಲ್ಲರಿಗಿಂತ ಮುಂದೆ ಕೆಂಪು ಸೀರೆಯ ನಮ್ಮಮ್ಮ.